ಸತ್ಯಾಂಶ: ಮೇಫ್ಲವರ್ ಹಡಗಿನವರು ಇಳಿದದ್ದು ಖಾಲಿ ಕಾಡಿಗಲ್ಲ

‘1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದವರೇ ಅಮೆರಿಕದ ಮೊದಲ ಇಂಗ್ಲಿಷ್ ವಲಸಿಗರು; ಯಾರೂ ಇಲ್ಲದ ಕಾಡು ಕಡಿದು ಊರು ಕಟ್ಟಿದರು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು.

ಇಂಗ್ಲಿಷರು ವರ್ಜೀನಿಯಾದಲ್ಲಿ ಕಟ್ಟಿದ ಜೇಮ್ಸ್‌ಟೌನ್ ಊರು 1607ರದ್ದು. ಅದಕ್ಕೂ ಮುಂಚೆ, 1585 ಮತ್ತು 1587ರಲ್ಲಿ, ರೋನೋಕ್ ದ್ವೀಪದಲ್ಲಿ ನೆಲೆಯೂರಲು ನೋಡಿದ್ದರು, ಕೈಗೂಡಲಿಲ್ಲ.

ಎರಡನೆಯ ತಪ್ಪು ಹೆಚ್ಚು ನೋವಿನದು. ಮೇಫ್ಲವರ್‌ನ 102 ಪ್ರಯಾಣಿಕರು ನೆಲೆನಿಂತ ಪ್ಲಿಮತ್ (ಈಗಿನ ಮ್ಯಾಸಚೂಸೆಟ್ಸ್‌ನಲ್ಲಿದೆ), ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಪಟುಕ್ಸೆಟ್ ಎಂಬ ಊರಾಗಿತ್ತು. 1616–19ರ ಸಾಂಕ್ರಾಮಿಕ ಆ ಊರನ್ನೇ ಅಳಿಸಿತ್ತು. ಮರ ಕಡಿದು ಹಸನು ಮಾಡಿದ ಹೊಲಗಳು ಮಾತ್ರ ಉಳಿದಿದ್ದವು. ಬಿತ್ತನೆಯ ಮೆಕ್ಕೆಜೋಳವೂ ಅಲ್ಲಿಯವರದೇ: ಹತ್ತಿರದ ಕರಾವಳಿಯ ಕೇಪ್ ಕಾಡ್‌ನಲ್ಲಿ ಮರಳಡಿ ಹೂತಿಟ್ಟಿದ್ದ ಬುಟ್ಟಿಗಳನ್ನು ಹಡಗಿನವರು ಅಗೆದು ಒಯ್ದರು.

ಅಷ್ಟಾದರೂ ಮೊದಲ ಚಳಿಗಾಲದಲ್ಲಿ ಸುಮಾರು ಅರ್ಧ ಜನ ಸತ್ತರು. ಉಳಿದವರಿಗೆ ಬೇಸಾಯ ಕಲಿಸಿದವನು ಪಟುಕ್ಸೆಟ್‌ನವನೇ ಆದ ಟಿಸ್ಕ್ವಾಂಟಮ್. 1614ರಲ್ಲಿ ಇಂಗ್ಲಿಷ್ ಹಡಗೊಂದು ಅವನನ್ನು ಹಿಡಿದೊಯ್ದಿತ್ತು. ಮರಳಿ ಬಂದಾಗ ತನ್ನವರು ಯಾರೂ ಇರಲಿಲ್ಲ. ಮಣ್ಣನ್ನು ಗುಡ್ಡೆ ಮಾಡಿ, ಹಳ್ಳಕ್ಕೆ ಏರಿಬರುವ ಮೀನನ್ನು ಗೊಬ್ಬರವಾಗಿ ಹೂತು ಕಾಳು ಊರುವ ಕ್ರಮ ತೋರಿಸಿಕೊಟ್ಟ. 1621ರಲ್ಲಿ ಸುಮಾರು 20 ಎಕರೆ ಮೆಕ್ಕೆಜೋಳ ಚೆನ್ನಾಗಿ ಬಂತು. ಇಂಗ್ಲೆಂಡಿನಿಂದ ತಂದ ಬಟಾಣಿ ತಡವಾಗಿ ಬಿತ್ತಿದ್ದರಿಂದ ಹೂವಿನಲ್ಲೇ ಬಿಸಿಲಿಗೆ ಕಮರಿಹೋಯಿತು.