ಟೆನ್ ಒನ್ ರುಪೀಸ್

ಡಿಪ್ಲೊಮಾದಲ್ಲಿ ಸಿ ಅನ್ನುವ ಕಂಪ್ಯೂಟರ್ ಭಾಷೆ ಕಲಿಸುವ ಲ್ಯಾಬಿನಲ್ಲಿ ನನ್ನ ಪಾಲಿಗೆ ಬಂದ ಪ್ರೋಗ್ರಾಂ ಇದು: ಅಂಕಿ ಕೊಟ್ಟರೆ ಕಂಪ್ಯೂಟರ್ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು, ಚೆಕ್ಕಿನ ಮೇಲೆ ಬರೆಯುತ್ತೇವಲ್ಲ, ಹಾಗೆ. ಇದೇನು ಮಹಾ, ಒಂದನೇ ಕ್ಲಾಸಿನ ಮಕ್ಕಳೂ ಬರೆಯುತ್ತವೆ ಅಂದುಕೊಂಡೆ. ಆ ಮಕ್ಕಳಿಗೆ ಸಿ ಪ್ರೋಗ್ರಾಂ ಬರೆದು ಓಡಿಸುವ ಟರ್ಬೊ ಸಿ ಎಂಬ ಸಾಫ್ಟ್‌ವೇರ್ ಮುಂದೆ ಕೂರುವ ಗತಿ ಬಂದಿಲ್ಲ ಅನ್ನುವುದು ಹೊಳೆಯಲಿಲ್ಲ.

ನನ್ನ ಲೆಕ್ಕ ಸಲೀಸಾಗಿತ್ತು. ಹತ್ತರಿಂದ ಭಾಗಿಸು, ಭಾಗಲಬ್ಧಕ್ಕೆ ಟೆನ್, ಟ್ವೆಂಟಿ, ಥರ್ಟಿ ಇರುವ ಅರೇ (ಅಂದರೆ ಸಾಲಾಗಿ ನಂಬರ್ ಹಾಕಿದ ಮನೆಗಳ ಪಟ್ಟಿ), ಶೇಷಕ್ಕೆ ಝೀರೋ, ಒನ್, ಟೂ ಇರುವ ಅರೇ. 25 ಒತ್ತಿದೆ. 'ಟ್ವೆಂಟಿ ಫೈವ್' ಬಂತು. ಕಾಲರ್ ಏರಿಸುವಷ್ಟರಲ್ಲಿ ಪಕ್ಕದ ಸಿಸ್ಟಮ್ಮಿನವನು ಬಾಗಿ 11 ಒತ್ತಿದ. 'ಟೆನ್ ಒನ್.' ಸುಮ್ಮನಿರದೆ 20 ಒತ್ತಿದ. 'ಟ್ವೆಂಟಿ ಝೀರೋ.' ಆ ಸೆಮಿಸ್ಟರ್ ಪೂರ್ತಿ ನನ್ನ ಹೆಸರು ಟೆನ್ ಒನ್.

ಇಲೆವೆನ್, ಟ್ವೆಲ್ವ್ ಎಂದು ಹೆಸರಿಟ್ಟವರಿಗೆ ಹಿಡಿಶಾಪ ಹಾಕಿದೆ. ಆಮೇಲೆ ನಮ್ಮದನ್ನೂ ನೋಡಿಕೊಂಡೆ. ಹದಿಮೂರು, ಹದಿನಾಲ್ಕು, ಹದಿನೆಂಟು ಅಂತ ಶಿಸ್ತಾಗಿ ಬಂದು, ಕೊನೆಗೆ ಒಮ್ಮೆಲೇ ಹತ್ತೊಂಬತ್ತು! ಸದ್ಯ, ಹಿಂದಿಯಲ್ಲಿ ಬರೆಯಿರಿ ಅನ್ನಲಿಲ್ಲ. ಅಲ್ಲಿ ನೂರರವರೆಗೂ ಬಾಯಿಪಾಠವೇ ಗತಿ. ಕಡೆಗೆ ಒಂದರಿಂದ ಹತ್ತೊಂಬತ್ತರವರೆಗೆ ಎಲ್ಲವನ್ನೂ ಒಂದೇ ಅರೇಗೆ ತುಂಬಿ, ಶೇಷ ಸೊನ್ನೆ ಬಂದರೆ ಬಾಯಿ ಮುಚ್ಚಿಕೊಂಡಿರು ಅಂತ ಒಂದು ಇಫ್ ಹಾಕಿದೆ.

ಮೇಷ್ಟ್ರು ಬಂದು ನಿಂತರು. 999 ಪಾಸು. 12345 ಪಾಸು. "ನನ್ನ ಸಂಬಳ ಹಾಕ್ರೀ ನೋಡೋಣ" ಅಂತ 40000 ಒತ್ತಿದರು. ಪರದೆಯ ಮೇಲೆ ನಗುಮುಖ, ಆಟೀನು, ಇನ್ನೆಂಥದೋ ಗೆರೆಗಳು. ಟರ್ಬೊ ಸಿಯಲ್ಲಿ ಅಂಕಿ ತುಂಬಿಡುವ ಇಂಟ್ ಅನ್ನುವ ಡಬ್ಬಿಗೆ 32767ರ ಮೇಲೆ ಹಿಡಿಸುವುದಿಲ್ಲ. 40000 ಅಲ್ಲಿ ಮಗುಚಿ ಬಿದ್ದು ಮೈನಸ್ 25536 ಆಗುತ್ತದೆ. ಅರೇಯಲ್ಲಿ ಮೈನಸ್ ಇಪ್ಪತ್ತೈದನೆಯ ಮನೆ ಹುಡುಕಿಕೊಂಡು ಹೋದ ನನ್ನ ಪ್ರೋಗ್ರಾಂ ಯಾರದೋ ಮನೆಗೆ ನುಗ್ಗಿ ಕೈಗೆ ಸಿಕ್ಕಿದ್ದು ತಂದಿತ್ತು. "ಸಾಲದಲ್ಲಿದೀನಿ ಅಂತ ಇದಕ್ಕೆ ಹೆಂಗ್ರೀ ಗೊತ್ತಾಯ್ತು?" ಅಂದರು ಮೇಷ್ಟ್ರು. ಇಂಟ್ ಹೊಡೆದು ಅದಕ್ಕಿಂತ ದೊಡ್ಡ ಡಬ್ಬಿ ಲಾಂಗ್ ಮಾಡಿದೆ. 'ಫೋರ್ಟಿ ಥೌಸಂಡ್ ರುಪೀಸ್' ಅಂತ ಬಂತು. ಸರಿ, ಲ್ಯಾಬ್ ರೆಕಾರ್ಡ್ ಪುಸ್ತಕಕ್ಕೆ ಬರೆದುಕೊಂಡು ಬನ್ನಿ ಅಂದರು.

ರಾತ್ರಿ ಮುತ್ತು ಪೋಣಿಸಿದ ಹಾಗೆ ರೆಕಾರ್ಡ್ ಬರೆದು ಮೇಜಿನ ಮೇಲಿಟ್ಟು ಊಟಕ್ಕೆ ಎದ್ದೆ. ಅಪ್ಪ ಬ್ಯಾಂಕಿನಲ್ಲಿ ಕ್ಲರ್ಕಾಗಿ ರಿಟೈರ್ ಆದವರು, ಕಂಪ್ಯೂಟರ್ ಮುಟ್ಟಿದವರಲ್ಲ. ತಿರುಗಿ ಬರುವಷ್ಟರಲ್ಲಿ ಕೈಯಲ್ಲಿ ಕೆಂಪು ಪೆನ್ನು.

"ಏನೋ ಇದು, ಫೋರ್ಟಿಗೆ ಯು ಎಲ್ಲಿಂದ ಬಂತು? ಫೋರ್‌ಗೆ ಇದೆ, ಫೋರ್ಟಿಗಿಲ್ಲ. ಎಷ್ಟು ಚೆಕ್ ವಾಪಸ್ ಕಳಿಸಿದೀನಿ ಗೊತ್ತಾ?"

ಪ್ರೋಗ್ರಾಮಿನಲ್ಲೂ ಔಟ್‌ಪುಟ್‌ನಲ್ಲೂ ಯು ಮೇಲೆ ಗೀಟು ಬಿದ್ದಿತ್ತು. ರುಪೀಸ್ ಮುಂದೆ 'ಓನ್ಲಿ' ಸೇರಿಸಿ, ಯಾರೂ ಏನೂ ತುರುಕದ ಹಾಗೆ ಪುಟದ ಅಂಚಿನವರೆಗೂ ಜೋಡಿ ಗೆರೆ ಎಳೆದಿದ್ದರು. ಹೊಸದಾಗಿ ಬರೆಯಲು ಹೊತ್ತೂ ಇರಲಿಲ್ಲ, ಹಾಳೆಯೂ ಇರಲಿಲ್ಲ.

ಮರುದಿನ ಮೇಷ್ಟ್ರು ಪುಟ ತೆರೆದರು. ಕೆಂಪು ಇಂಕು ಕಂಡಿತು. "ಇದನ್ನ ಆಗಲೇ ನೋಡಿದೀನಲ್ರೀ" ಅಂತ ಸಹಿ ಹಾಕಿ ಮುಂದಿನ ಪುಟ ತಿರುವಿದರು.