ಕೌಂಟರ್‌ನ ಈಚೆ ಬದಿಯಿಂದ ಒಂದು ಸೀರಿಯಲ್

ಹತ್ತು ವರ್ಷ ಹಳೆಯ ಇಂಗ್ಲಿಷ್ ಸೀರಿಯಲ್ ಬಗ್ಗೆ ಈಗ ಯಾಕೆ ಬರೆಯುತ್ತಿದ್ದೀಯ ಅಂತ ಕೇಳಬೇಡಿ. ಬಂದಾಗ ನೋಡುವುದಕ್ಕೆ ನನಗೆ ಪುರುಸೊತ್ತಿರಲಿಲ್ಲ. ಆಗ ನಾನು ಸೀರೆ ಅಂಗಡಿಯಲ್ಲಿ ನಿಂತಿದ್ದೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ. ‘ನಿಂತಿದ್ದೆ’ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಸೀರಿಯಲ್ ಹೆಸರು ‘ಮಿಸ್ಟರ್ ಸೆಲ್ಫ್‌ರಿಜ್’. ಬ್ರಿಟನ್ನಿನ ಐಟಿವಿಯಲ್ಲಿ 2013ರಿಂದ 2016ರವರೆಗೆ ಬಂತು. ನಾಲ್ಕು ಸೀಸನ್, 40 ಕಂತು. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಇವತ್ತಿಗೂ ಇರುವ ಸೆಲ್ಫ್‌ರಿಜಸ್ ಅನ್ನುವ ದೊಡ್ಡ ಅಂಗಡಿಯ ಕಥೆ. ಅದನ್ನು ಕಟ್ಟಿದವನು ಹ್ಯಾರಿ ಗಾರ್ಡನ್ ಸೆಲ್ಫ್‌ರಿಜ್, ಅಮೆರಿಕದವನು. ಶಿಕಾಗೋದ ಮಾರ್ಷಲ್ ಫೀಲ್ಡ್ ಅಂಗಡಿಯಲ್ಲಿ ಕೆಳಗಿನಿಂದ ಮೇಲೆ ಬಂದು, ಸಮುದ್ರ ದಾಟಿ, 1909ರ ಮಾರ್ಚ್ 15ರಂದು ಇಲ್ಲಿ ಬಾಗಿಲು ತೆರೆದ. ಸೀರಿಯಲ್‌ನಲ್ಲಿ ಆ ಪಾತ್ರ ಮಾಡಿದ್ದು ಜೆರೆಮಿ ಪಿವನ್. ಸ್ವಲ್ಪ ಜಾಸ್ತಿಯೇ ಕೈ ಬೀಸುತ್ತಾನೆ. ನಾಲ್ಕು ಕಂತು ನೋಡುವಷ್ಟರಲ್ಲಿ ಒಗ್ಗಿಹೋಗುತ್ತದೆ.

ಮೊದಲ ಕಂತಿನಲ್ಲೇ ನಾನು ಸಿಕ್ಕಿಬಿದ್ದೆ. ಹ್ಯಾರಿ ಗ್ಯಾಮೇಜಸ್ ಅನ್ನುವ ಬೇರೆ ಅಂಗಡಿಗೆ ಹೋಗಿ ಕೈಗವಸು ಕೇಳುತ್ತಾನೆ. ಆಗಿನ ಲಂಡನ್ ಅಂಗಡಿಗಳಲ್ಲಿ ಮಾಲೆಲ್ಲ ಡ್ರಾಯರ್ ಒಳಗೆ. ಬೇಕಾದ್ದನ್ನು ಹೇಳಬೇಕು, ಅದೊಂದನ್ನೇ ತೆಗೆದು ತೋರಿಸುತ್ತಾರೆ. ಸುಮ್ಮನೆ ನೋಡುವುದಕ್ಕೆ ಬಂದವನಿಗೆ ಬಾಗಿಲು ತೋರಿಸುತ್ತಾರೆ. ಇವನು ಎಲ್ಲವನ್ನೂ ತೆಗೆಸಿ ಕೌಂಟರ್ ಮೇಲೆ ಹರಡಿಸುತ್ತಾನೆ. ಮ್ಯಾನೇಜರ್ ಬಂದು ಇವನನ್ನು ಹೊರಗೆ ಅಟ್ಟುತ್ತಾನೆ. ತೆಗೆದು ತೋರಿಸಿದ ಆಗ್ನೆಸ್ ಅನ್ನುವ ಹುಡುಗಿಯ ಕೆಲಸವೂ ಹೋಗುತ್ತದೆ.

ಅಮ್ಮ ಪಕ್ಕದಲ್ಲೇ ಕೂತಿದ್ದರು. “ತೋರಿಸಿದ್ದಕ್ಕೆ ಕೆಲಸದಿಂದ ತೆಗೆದರಾ? ನಿಮ್ಮಂಗಡೀಲಿ ತೋರಿಸದೇ ಇದ್ರೆ ತೆಗೀತಿದ್ರಲ್ಲೇ!” ಅಂದರು.

ನಿಜ. ಆ ಮಹಾಶಯ ಲಂಡನ್ನಿಗೆ ಹೋಗಿ ಮಾಡಿದ ಕ್ರಾಂತಿಯನ್ನು ನಮ್ಮ ಜವಳಿ ಅಂಗಡಿಯವರು ಗಾದಿ ಹಾಸಿದ ಕಾಲದಿಂದ ಮಾಡುತ್ತಲೇ ಇದ್ದಾರೆ. ನೂರು ಸೀರೆ ಬಿಚ್ಚಿ ಹಾಸು, ಸೆರಗು ತೋರಿಸು, ಹೆಗಲ ಮೇಲೆ ಹೊದ್ದು ಕನ್ನಡಿ ಮುಂದೆ ನಿಲ್ಲು. ಕೊನೆಗೆ “ಇನ್ನೊಂದೆರಡು ಕಡೆ ನೋಡ್ಕೊಂಡು ಬರ್ತೀವಿ” ಅನ್ನಿಸಿಕೋ. ಆಮೇಲೆ ನೂರನ್ನೂ ಮಡಚು.

ಇರಲಿ, ನಾನು ಹೇಳಹೊರಟಿದ್ದು ಎರಡನೇ ಸೀಸನ್ ಬಗ್ಗೆ. ಅದು ನಡೆಯುವುದು 1914ರಲ್ಲಿ. ಅಂಗಡಿಗೆ ಐದು ವರ್ಷ ತುಂಬಿದ ಸಂಭ್ರಮದಿಂದ ಶುರುವಾಗುತ್ತದೆ. ಆಗಸ್ಟ್ 4ಕ್ಕೆ ಬ್ರಿಟನ್ ಯುದ್ಧಕ್ಕೆ ಇಳಿಯುತ್ತದೆ. ನನ್ನ ಪ್ರಕಾರ ನಾಲ್ಕರಲ್ಲಿ ಒಳ್ಳೆಯದು ಇದೇ. ಯಾಕೆಂದರೆ ಇಲ್ಲಿ ಯುದ್ಧ ಕಂದಕದಿಂದ ಬರುವುದಿಲ್ಲ, ಕೌಂಟರ್‌ಗೆ ಬರುತ್ತದೆ. ಅಂಗಡಿಯಲ್ಲಿ ಕೆಲಸ ಮಾಡಿದವರಿಗೆ ಅದು ಹೇಗೆ ಅಂತ ಗೊತ್ತು. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತಲ್ಲ, ಮಾರನೆ ದಿನ ಬೆಳಿಗ್ಗೆ ನಮಗೆ ಟಿವಿ ನೋಡುವ ಅಗತ್ಯವೇ ಇರಲಿಲ್ಲ. ಬೋಣಿಗೆ ಬಂದ ಮೊದಲ ಗಿರಾಕಿಯ ಕೈಯಲ್ಲೇ ಐನೂರರ ಕಂತೆ. ಮುಹೂರ್ತಕ್ಕೆ ತೆಗೆದಿಡಿಸಿದ್ದ ರೇಷ್ಮೆ ಸೀರೆಗಳು ಒಂದೊಂದೇ ರ‍್ಯಾಕ್‌ಗೆ ವಾಪಸ್ ಬಂದವು. ಮದುವೆ ಹುಡುಗಿಯ ತಾಯಿ ಒಬ್ಬರು ದುಬಾರಿ ಸೀರೆಯನ್ನು ಒಂದು ಸಲ ಸವರಿ, ಆಮೇಲೆ ಅರೆರೇಷ್ಮೆ ಕೌಂಟರ್ ಎಲ್ಲಿ ಅಂತ ಕೇಳಿದರು. ಪೇಪರಿನಲ್ಲಿ ಬರುವ ಮುಂಚೆ ಕೌಂಟರ್‌ಗೆ ಸುದ್ದಿ ಬಂದಿರುತ್ತದೆ.

ಸೀರಿಯಲ್‌ನಲ್ಲೂ ಹೀಗೆಯೇ. ನಿನ್ನೆ ಇದ್ದ ಹುಡುಗ ಇವತ್ತು ಇಲ್ಲ. ಸೈನ್ಯಕ್ಕೆ ಹೆಸರು ಕೊಟ್ಟಿದ್ದಾನೆ. ಆಗ ಇನ್ನೂ ಕಡ್ಡಾಯ ಇರಲಿಲ್ಲ, ಆ ಕಾನೂನು ಬಂದದ್ದು 1916ರಲ್ಲಿ. ಆದರೆ ಕಡ್ಡಾಯ ಇಲ್ಲ ಅಂದಮಾತ್ರಕ್ಕೆ ಒತ್ತಾಯ ಇಲ್ಲ ಅಂತಲ್ಲ. ಸಮವಸ್ತ್ರ ಹಾಕದ ಗಂಡಸರಿಗೆ ಬೀದಿಯಲ್ಲೇ ಹೆಂಗಸರು ಬಿಳಿ ಗರಿ ಕೊಟ್ಟು ‘ಹೇಡಿ’ ಅನ್ನುವ ಚಳವಳಿ ಆಗಸ್ಟ್‌ನಲ್ಲೇ ಶುರುವಾಗಿತ್ತು. ಶುರು ಮಾಡಿಸಿದವರು ನಿವೃತ್ತ ನೌಕಾಪಡೆ ಅಧಿಕಾರಿ ಒಬ್ಬರು. ಕೌಂಟರ್ ಹಿಂದೆ ನಿಂತು ರಿಬ್ಬನ್ ಅಳೆಯುವ ಇಪ್ಪತ್ತರ ಹುಡುಗನಿಗೆ ಹೇಗಾಗಿರಬೇಡ, ಯೋಚಿಸಿ. ಇಡೀ ದಿನ ಎದುರಿಗೆ ಬರುವವರೆಲ್ಲ ಹೆಂಗಸರೇ.

ಹುಡುಗರು ಹೋದ ಮೇಲೆ ಗೋದಾಮಿನ ಕಡೆ ಲಾರಿ ಇಳಿಸುವವರು ಯಾರು? ಹುಡುಗಿಯರು ಬರುತ್ತಾರೆ. ಪೆಟ್ಟಿಗೆ ಹೊರುತ್ತಾರೆ. ನನಗೆ ಬಹಳ ಇಷ್ಟವಾದ ಭಾಗ ಇದು. ಇದನ್ನು ಹಿನ್ನೆಲೆ ಸಂಗೀತ ಹಾಕಿ ದೊಡ್ಡದು ಮಾಡದಿದ್ದರೂ ಸಾಕಿತ್ತು. ಸಾಮಾನು ಹೊರುವ ಹೆಂಗಸು ಪವಾಡ ಏನಲ್ಲವಲ್ಲ. ನಮ್ಮ ಸ್ಟಾಕ್ ರೂಮಿನಲ್ಲಿ ಸೀರೆ ಬೇಲ್ ಎತ್ತುತ್ತಿದ್ದವರು ಯಾರು ಅಂತ ಯಾರೂ ಕ್ಯಾಮೆರಾ ತಂದು ನೋಡಲಿಲ್ಲ.

ಇನ್ನು ಮಿಸ್ ಮಾರ್ಡಲ್. ಅವಳಿಗೋಸ್ಕರವೇ ಈ ಸೀರಿಯಲ್ ನೋಡಬಹುದು. ಅಮಾಂಡಾ ಆಬಿಂಗ್ಟನ್ ಮಾಡಿದ್ದಾಳೆ. ಬಿಗಿಯಾದ ತುರುಬು, ಕಪ್ಪು ಬಟ್ಟೆ, ಒಂದು ಮಾತು ಹೆಚ್ಚಿಲ್ಲ. ಮೊದಲ ಸೀಸನ್‌ನಲ್ಲಿ ಅದೇ ಅಂಗಡಿಯ ಗ್ರೋವ್ ಅನ್ನುವ ದೊಡ್ಡ ಮನುಷ್ಯನಿಗಾಗಿ ವರ್ಷಗಟ್ಟಲೆ ಕಾದಿರುತ್ತಾಳೆ. ಅವನ ಹೆಂಡತಿಗೆ ಕಾಯಿಲೆ. ಹೆಂಡತಿ ತೀರಿಕೊಂಡ ಮೇಲೆ ಆ ಪುಣ್ಯಾತ್ಮ ಏನು ಮಾಡಿದ? ಕೌಂಟರ್‌ನ ಚಿಕ್ಕ ಹುಡುಗಿಯನ್ನು ಮದುವೆಯಾದ. ಅಮ್ಮ ಅವತ್ತು ಟಿವಿಗೆ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಎರಡನೇ ಸೀಸನ್‌ನಲ್ಲಿ ಇವಳಿಗೆ ಅಣ್ಣನ ಆಸ್ತಿ ಬರುತ್ತದೆ. ಕೆಲಸ ಬಿಡಬಹುದು, ಬಿಡುವುದಿಲ್ಲ. ಜರ್ಮನರು ಬೆಲ್ಜಿಯಂಗೆ ನುಗ್ಗಿದ ಮೇಲೆ ಅಲ್ಲಿಂದ ಸುಮಾರು ಎರಡೂವರೆ ಲಕ್ಷ ಜನ ನಿರಾಶ್ರಿತರು ಬ್ರಿಟನ್ನಿಗೆ ಬಂದರು. ಇತಿಹಾಸದ ಪುಸ್ತಕದಲ್ಲಿ ಆ ಲೆಕ್ಕ ಓದಿ ಮುಂದೆ ಹೋಗುತ್ತೇವೆ. ಇಲ್ಲಿ ಆ ಎರಡೂವರೆ ಲಕ್ಷದಲ್ಲಿ ಒಬ್ಬ ಮಿಸ್ ಮಾರ್ಡಲ್ ಮನೆಯ ಬಾಗಿಲಿಗೆ ಬರುತ್ತಾನೆ. ಫ್ಲೋರಿಯನ್, ಪಿಟೀಲು ನುಡಿಸುವ ಹುಡುಗ, ಅವಳಿಗಿಂತ ತುಂಬಾ ಚಿಕ್ಕವನು. ಅವರಿಬ್ಬರ ನಡುವೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ. ಜೀವನವಿಡೀ ಬೇರೆಯವರಿಗೆ ಹ್ಯಾಟು, ಗ್ಲೌಸು ತೋರಿಸಿದವಳು ಒಂದು ಸಂಜೆ ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಂಡರೆ ಹೇಗಿರುತ್ತದೆ, ಅದನ್ನು ಆ ನಟಿ ಬರೀ ಕಣ್ಣಲ್ಲೇ ಮಾಡಿಬಿಡುತ್ತಾಳೆ.

ಈಗ ಜಗಳಕ್ಕೆ ಬರೋಣ.

ಇಷ್ಟು ಒಳ್ಳೆಯ ಜನ ಕೌಂಟರ್ ಹಿಂದೆ ಇದ್ದಾಗ, ಬರೆದವರ ಕಣ್ಣು ಮಾತ್ರ ಯಾವಾಗಲೂ ಮಾಲೀಕನ ಕೋಣೆಯ ಕಡೆಗೆ. ಯುದ್ಧದ ಕಥೆ ಅಂದ ಮೇಲೆ ದೊಡ್ಡ ಖಳನಾಯಕ ಬೇಕು ಅಂತ ಲಾರ್ಡ್ ಲಾಕ್ಸ್‌ಲಿ ಅನ್ನುವವನನ್ನು ತರುತ್ತಾರೆ. ಸೈನ್ಯಕ್ಕೆ ಸಾಮಾನು ಕೊಳ್ಳುವ ಸಮಿತಿಗೆ ಸೇರಿ, ಕಳಪೆ ಬೂಟು ಸಾಗಹಾಕಿ ದುಡ್ಡು ಮಾಡುತ್ತಾನೆ. ಕೆಟ್ಟ ಹೆಸರು ಹ್ಯಾರಿಗೆ ಬರುತ್ತದೆ. ಬೂಟಿನ ಅಟ್ಟೆ ಕಿತ್ತುಬರುವುದು ಯುದ್ಧದ ಕಥೆಗೆ ಒಳ್ಳೆಯ ವಿಷಯ, ಇಲ್ಲ ಅನ್ನುವುದಿಲ್ಲ. ಆದರೆ ಆ ಬೂಟು ಹಾಕಿಕೊಂಡವನ ಕಾಲನ್ನು ನಾವು ನೋಡುವುದು ಎಷ್ಟು ಹೊತ್ತು? ಹ್ಯಾರಿಯ ಮರ್ಯಾದೆ ಏನಾಯಿತು ಅನ್ನುವುದೇ ಕಂತುಗಟ್ಟಲೆ. ಅಂಗಡಿಯ ಫ್ರೆಂಚ್ ಕಲಾವಿದ ಆನ್ರಿಯನ್ನು ಜರ್ಮನ್ ಗೂಢಚಾರ ಅಂತ ಹಿಡಿದುಕೊಂಡು ಹೋಗುವ ಭಾಗ ಇದಕ್ಕಿಂತ ಎಷ್ಟೋ ಚೆನ್ನಾಗಿದೆ. ನಿನ್ನೆಯವರೆಗೆ ಜೊತೆಗೆ ಟೀ ಕುಡಿದವರೇ ಅನುಮಾನದಿಂದ ನೋಡುತ್ತಾರೆ. ಯುದ್ಧದಲ್ಲಿ ಮೊದಲು ಒಡೆಯುವುದು ಸ್ಟಾಫ್ ರೂಮು ಅಂತ ಅವರಿಗೂ ಗೊತ್ತು. ಗೊತ್ತಿದ್ದೂ ಮಾಲೀಕನ ಕಾರು ಹತ್ತಿ ಹೊರಟುಬಿಡುತ್ತಾರೆ.

‘ಎಂದಿನಂತೆ ವ್ಯಾಪಾರ’ ಅನ್ನುವುದು 1914ರ ಬ್ರಿಟನ್ನಿನ ದೊಡ್ಡ ಘೋಷಣೆ. ಆ ವರ್ಷದ ನವೆಂಬರ್‌ನಲ್ಲಿ ಚರ್ಚಿಲ್ ಕೂಡ ಲಂಡನ್ನಿನ ಗಿಲ್ಡ್‌ಹಾಲ್‌ನಲ್ಲಿ ಇದೇ ಮಾತು ಆಡಿದರು. ಯುದ್ಧ ಬಂದರೂ ಕೊಳ್ಳುತ್ತಿರಿ, ಮಾರುತ್ತಿರಿ. ಹ್ಯಾರಿ ಅದನ್ನು ಭಾಷಣದಲ್ಲಿ ಹೇಳಿದರೆ ಚಪ್ಪಾಳೆ. ಆದರೆ ಆ ‘ಎಂದಿನಂತೆ’ಯನ್ನು ನಡೆಸಿಕೊಟ್ಟವರು ಯಾರು? ಅಣ್ಣ ಎಲ್ಲಿದ್ದಾನೋ ಗೊತ್ತಿಲ್ಲದೆ ಲೇಸ್ ಅಳೆದುಕೊಟ್ಟ ಹುಡುಗಿಯರು. ಆಗ್ನೆಸ್‌ಳ ತಮ್ಮ ಜಾರ್ಜ್ ಹೀಗೆ ಸೈನ್ಯಕ್ಕೆ ಹೋದಾಗ ಆ ನೋವು ಸ್ವಲ್ಪ ಕಾಣುತ್ತದೆ. ನನಗೆ ಅದೇ ಇನ್ನೂ ಬೇಕಿತ್ತು.

ಮೂರನೇ ಸೀಸನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಯುದ್ಧ ಮುಗಿದಿದೆ. ಗಂಡಸರು ವಾಪಸ್ ಬಂದಿದ್ದಾರೆ, ಅವರ ಜಾಗದಲ್ಲಿ ಹೆಂಗಸರಿದ್ದಾರೆ. ಇದಕ್ಕಿಂತ ದೊಡ್ಡ ಕಥೆ ಬೇಕಾ? 1919ರಲ್ಲಿ ಬ್ರಿಟಿಷ್ ಸಂಸತ್ತು ಯುದ್ಧಕ್ಕೆ ಮುಂಚಿನ ಕೆಲಸದ ಪದ್ಧತಿಯನ್ನು ಮತ್ತೆ ತರುವ ಕಾನೂನನ್ನೇ ಮಾಡಿತು. ಕಾರ್ಖಾನೆಗಳಲ್ಲಿ ಎಷ್ಟೋ ಹೆಂಗಸರು ಮನೆಗೆ ಹೋಗಬೇಕಾಯಿತು. ಸೀರಿಯಲ್ ಮಾತ್ರ ಲಾಕ್ಸ್‌ಲಿಯ ಸೇಡು, ನೈಟ್‌ಕ್ಲಬ್ಬು, ಮಗಳ ಗಂಡನ ಮನೆಯ ರಷ್ಯನ್ ರಾಜಕುಮಾರಿ ಅಂತ ಸುತ್ತಾಡುತ್ತದೆ.

ಮಧ್ಯೆ ಒಂದು ಮಾತು. ಈ ಸೆಲ್ಫ್‌ರಿಜ್ ವ್ಯಾಪಾರದ ದೊಡ್ಡ ಉಪಾಯ ಅಂದರೆ ಸೆಂಟು, ಪೌಡರುಗಳನ್ನು ಕೆಳಮಹಡಿಯ ಮುಂಭಾಗಕ್ಕೆ ತಂದದ್ದು. ಬಾಗಿಲು ತೆರೆದರೆ ಘಮ್ಮನ್ನಬೇಕು. ಅದನ್ನು ನೋಡುವಾಗ ನನ್ನ ತಲೆ ಮೈಸೂರಿಗೆ ಓಡಿತು. ಯಾಕೆಂದರೆ ಅದೇ 1914ರ ಯುದ್ಧ ನಮ್ಮ ಗಂಧಕ್ಕೂ ಬಂದು ತಗುಲಿತ್ತು. ಅಲ್ಲಿಯವರೆಗೆ ಮೈಸೂರು ಸೀಮೆಯ ಶ್ರೀಗಂಧದ ಕೊರಡು ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುತ್ತಿದ್ದುದು ಅಲ್ಲಿ. ಯುದ್ಧ ಶುರುವಾಯಿತು, ದಾರಿ ಮುಚ್ಚಿತು, ಮರ ಇಲ್ಲೇ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. ಎಣ್ಣೆ ನಾವೇ ತೆಗೆಯೋಣ ಅಂತ 1916ರಲ್ಲಿ ಕಾರ್ಖಾನೆ ಶುರುವಾಯಿತು. ಅದರ ಹಿಂದೆಯೇ ಮೈಸೂರು ಸ್ಯಾಂಡಲ್ ಸೋಪು. ಅಮ್ಮ ಇವತ್ತಿಗೂ ಆ ಸೋಪಿನ ಖಾಲಿ ಪೆಟ್ಟಿಗೆಯನ್ನು ಸೀರೆ ಮಧ್ಯೆ ಇಡುತ್ತಾರೆ. ಈ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಸೀರಿಯಲ್ ಮಾಡಬಾರದಾ? ಮಾಡಿದರೆ ದಯವಿಟ್ಟು ದಿವಾನರ ಮೇಜಿನಿಂದ ಶುರು ಮಾಡಬೇಡಿ. ಕೊರಡು ಸಿಗಿಯುವವನಿಂದ ಶುರು ಮಾಡಿ.

ನಾಲ್ಕನೇ ಸೀಸನ್ 1928ಕ್ಕೆ ಹಾರುತ್ತದೆ. ಜೂಜು, ಡಾಲಿ ಸಿಸ್ಟರ್ಸ್ ಅನ್ನುವ ಅವಳಿ ನರ್ತಕಿಯರು, ಸಾಲ. ನಿಜವಾದ ಹ್ಯಾರಿಯೂ ಹೀಗೆಯೇ ಕರಗಿಹೋದ. ಕೊನೆಗೆ ತನ್ನ ಅಂಗಡಿಯೇ ಕೈತಪ್ಪಿ, 1947ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಬಡವನಾಗಿ ತೀರಿಕೊಂಡ. ಆದರೆ ಸೀರಿಯಲ್ ಎರಡನೇ ಮಹಾಯುದ್ಧದವರೆಗೆ ಬರಲೇ ಇಲ್ಲ ಅನ್ನುವುದು ನನಗೆ ಹೊಟ್ಟೆ ಉರಿಯುವ ವಿಷಯ. 1940ರ ಸೆಪ್ಟೆಂಬರ್‌ನಲ್ಲಿ ಅದೇ ಬೀದಿಯ ಜಾನ್ ಲೂಯಿಸ್ ಅಂಗಡಿ ಬಾಂಬಿಗೆ ಸುಟ್ಟುಹೋಯಿತು. ಸೆಲ್ಫ್‌ರಿಜಸ್‌ಗೂ ಬಾಂಬ್ ಬಿತ್ತು. 1943ರಲ್ಲಿ ಅದರ ಹಿಂದಿನ ಕಟ್ಟಡದ ನೆಲಮಾಳಿಗೆಯಲ್ಲಿ ಅಮೆರಿಕನ್ನರು ಸಿಗ್‌ಸ್ಯಾಲಿ ಅನ್ನುವ ಗುಟ್ಟಿನ ಫೋನ್ ಯಂತ್ರ ಕೂರಿಸಿದರು. 50 ಟನ್ನಿಗೂ ಹೆಚ್ಚು ತೂಕ. ಲಂಡನ್, ವಾಷಿಂಗ್ಟನ್ ನಡುವಿನ ಮಾತು ಶತ್ರುವಿನ ಕಿವಿಗೆ ಬೀಳದ ಹಾಗೆ ಸಾಗುತ್ತಿದ್ದುದು ಅದರ ಮೂಲಕ. ಮೇಲೆ ಕೂಪನ್ ಹಿಡಿದು ಬಟ್ಟೆ ಕೊಳ್ಳುವ ಹೆಂಗಸರು, ಕೆಳಗೆ ಯುದ್ಧದ ಗುಟ್ಟು. ಇಂಥದ್ದನ್ನು ಬಿಟ್ಟು ಜೂಜಿನ ಮೇಜು ತೋರಿಸಿದರಲ್ಲ!

ಟಿವಿಯನ್ನು ಮೊಟ್ಟಮೊದಲು ಜನರ ಮುಂದೆ ತೋರಿಸಿದ್ದೂ ಇದೇ ಅಂಗಡಿಯಲ್ಲಿ, 1925ರ ಮಾರ್ಚ್‌ನಲ್ಲಿ, ಜಾನ್ ಲೋಗಿ ಬೇರ್ಡ್. ಬರೀ ನೆರಳಿನ ಚಿತ್ರ. ಅದೇ ಟಿವಿ ಈಗ ಈ ಅಂಗಡಿಯ ಕಥೆ ಹೇಳುತ್ತಿದೆ.

ಕೊನೆಯ ಕಂತು ಮುಗಿದಾಗ ಅಮ್ಮ ಒಂದೇ ಪ್ರಶ್ನೆ ಕೇಳಿದ್ದು. “ಆ ಹುಡುಗೀರು ಕೂತ್ಕೊಳ್ಳೋದೇ ಇಲ್ವಾ?”

ಹುಡುಕಿದೆ. ಬ್ರಿಟನ್ನಿನಲ್ಲಿ 1899ರಲ್ಲೇ ಇದಕ್ಕೆ ಕಾನೂನು ಬಂದಿದೆ. ಅಂಗಡಿಯಲ್ಲಿ ಕೆಲಸ ಮಾಡುವ ಮೂವರು ಹೆಂಗಸರಿಗೆ ಒಂದಾದರೂ ಕುರ್ಚಿ ಇಡಬೇಕು. ನಮ್ಮ ಕಡೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕೂರುವ ಹಕ್ಕು ಕೊಟ್ಟವು. ನಾನಿದ್ದ ಅಂಗಡಿಯಲ್ಲಿ ನಮ್ಮ ಫ್ಲೋರ್‌ನಲ್ಲಿ ಇದ್ದದ್ದು ಎರಡು ಸ್ಟೂಲು. ಎರಡೂ ಹೆಂಡತಿ ಸೀರೆ ಆರಿಸುವವರೆಗೆ ಕಾಯುವ ಗಂಡಂದಿರಿಗೆ. ಒಂದು ದಿನ ಕಾಲು ಊದಿ ಐದು ನಿಮಿಷ ಕೂತಿದ್ದಕ್ಕೆ ಫ್ಲೋರ್ ಮ್ಯಾನೇಜರ್ “ಮನೇಲೇ ಇದ್ದುಬಿಡಿ ಮೇಡಂ, ಆರಾಮಾಗಿ ಕೂತ್ಕೋಬಹುದು” ಅಂದಿದ್ದರು. ಅದಾಗಿ ಆರು ತಿಂಗಳಿಗೆ ನಾನು ಕೆಲಸ ಬಿಟ್ಟೆ.

ಅಲ್ಲೇ ಇನ್ನೂ ಕೆಲಸ ಮಾಡುತ್ತಿರುವ ಗೆಳತಿಗೆ ಮೊನ್ನೆ ಫೋನ್ ಮಾಡಿದೆ. ಸೀರಿಯಲ್ ಕಥೆ ಹೇಳಿ, “ನಿಮಗೆ ಸ್ಟೂಲ್ ಬಂತೇನೇ?” ಅಂತ ಕೇಳಿದೆ.

“ಬಂದಿದೆ ಕಣೇ, ಹೊಸದು. ಅದರ ಮೇಲೆ ಆಷಾಢ ಸೇಲ್ ಬೋರ್ಡ್ ಇಟ್ಟಿದ್ದಾರೆ” ಅಂದಳು.