ಸಿದ್ಧಾಂತವನ್ನು ಐದು ತುಂಡು ಮಾಡಿ ಹಂಚಿಕೊಳ್ಳಬೇಡಿ

ಸಂವಹನ ಸಿದ್ಧಾಂತವೊಂದರ ಮೇಲೆ ತಂಡವಾಗಿ ಪ್ಯಾನೆಲ್ ಚರ್ಚೆ ನಡೆಸಬೇಕಾದ ವಿದ್ಯಾರ್ಥಿಗಳು ಮೊದಲ ಸಭೆಯಲ್ಲಿ ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸ. ಪೀಠಿಕೆ ಒಬ್ಬರಿಗೆ, ಸಿದ್ಧಾಂತ ರೂಪಿಸಿದವರ ಪರಿಚಯ ಇನ್ನೊಬ್ಬರಿಗೆ, ಮುಖ್ಯಾಂಶ ಮತ್ತೊಬ್ಬರಿಗೆ, ಟೀಕೆ ನಾಲ್ಕನೆಯವರಿಗೆ, ಉಪಸಂಹಾರ ಉಳಿದವರಿಗೆ. ಹತ್ತು ನಿಮಿಷದಲ್ಲಿ ಹಂಚಿಕೆ ಮುಗಿದು ಎಲ್ಲರೂ ನಿರಾಳವಾಗಿ ಎದ್ದುಹೋಗುತ್ತಾರೆ. ಪ್ಯಾನೆಲ್ ಕೆಡುವುದು ಆ ಹತ್ತು ನಿಮಿಷದಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಏಕೆಂದರೆ ಅಲ್ಲಿಂದ ಮುಂದೆ ಪ್ರತಿಯೊಬ್ಬರೂ ಓದುವುದು ತಮ್ಮ ಪಾಲಿಗೆ ಬಂದದ್ದನ್ನು ಮಾತ್ರ. ಟೀಕೆ ಮಾಡುವವನಿಗೆ ತಾನು ಯಾವುದನ್ನು ಟೀಕಿಸುತ್ತಿದ್ದೇನೆ ಎಂಬುದೇ ಸರಿಯಾಗಿ ತಿಳಿದಿರುವುದಿಲ್ಲ. ಸಭೆಯಿಂದ ಒಂದು ಪ್ರಶ್ನೆ ಬಂದರೆ ನಾಲ್ವರ ಕಣ್ಣು ಐದನೆಯವರತ್ತ ತಿರುಗುತ್ತದೆ, ‘ಅದು ಅವರ ಭಾಗ’ ಎಂಬಂತೆ. ಐವರು ಸಾಲಾಗಿ ಕುಳಿತು ಒಬ್ಬರ ನಂತರ ಒಬ್ಬರು ಪಾಠ ಒಪ್ಪಿಸಿದರೆ ಅದು ಪ್ಯಾನೆಲ್ ಆಗುವುದಿಲ್ಲ. ಒಂದೇ ವಿಷಯವನ್ನು ಪೂರ್ತಿಯಾಗಿ ಬಲ್ಲವರು ಬೇರೆ ಬೇರೆ ನಿಲುವುಗಳಿಂದ ಪರಸ್ಪರ ಮಾತನಾಡಬೇಕು, ಉಳಿದವರು ಅದನ್ನು ಕೇಳಿ ತಾವೂ ಸೇರಿಕೊಳ್ಳಬೇಕು. ಆದ್ದರಿಂದ ಓದನ್ನು ಹಂಚಿಕೊಳ್ಳಬೇಡಿ. ಎಲ್ಲರೂ ಎಲ್ಲವನ್ನೂ ಓದಿ, ಆಮೇಲೆ ಪ್ರಶ್ನೆಗಳನ್ನು ಹಂಚಿಕೊಳ್ಳಿ.

ಸಿದ್ಧಾಂತವನ್ನು ಆರಿಸುವಾಗಲೂ ಇದೇ ಮಾತು ನೆನಪಿರಲಿ. ಸುಲಭವಾದದ್ದು ಯಾವುದು ಎಂದು ಹುಡುಕುವ ಬದಲು ಜಗಳವಿರುವುದು ಯಾವುದರಲ್ಲಿ ಎಂದು ಹುಡುಕಿ. ಮೆಕ್‌ಕೂಂಬ್ಸ್ ಮತ್ತು ಶಾ ಅವರ ಅಜೆಂಡಾ ಸೆಟ್ಟಿಂಗ್ ಸಿದ್ಧಾಂತವನ್ನೇ, ಅಂದರೆ ಜನ ಯಾವ ವಿಷಯಗಳನ್ನು ಮುಖ್ಯವೆಂದು ಭಾವಿಸುತ್ತಾರೆ ಎಂಬುದನ್ನು ಮಾಧ್ಯಮಗಳು ರೂಪಿಸುತ್ತವೆ ಎಂಬ ವಾದವನ್ನೇ ನೋಡಿ. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಚಾಪೆಲ್ ಹಿಲ್‌ನಲ್ಲಿ, ಯಾರಿಗೆ ಮತ ಹಾಕಬೇಕೆಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಮಾತನಾಡಿಸಿ ಮಾಡಿದ ಅಧ್ಯಯನ ಅದು, 1972ರಲ್ಲಿ ಪ್ರಕಟವಾಯಿತು. ಮಾಧ್ಯಮಗಳು ಎತ್ತಿ ಹಿಡಿದ ವಿಷಯಗಳಿಗೂ ಜನ ಮುಖ್ಯವೆಂದು ಹೇಳಿದ ವಿಷಯಗಳಿಗೂ ಬಲವಾದ ಹೊಂದಾಣಿಕೆ ಕಂಡಿತು. ಹಾಗಾದರೆ ಮಾಧ್ಯಮ ಜನರನ್ನು ಎಳೆದೊಯ್ಯಿತೇ, ಅಥವಾ ಜನರ ಮನಸ್ಸಿನಲ್ಲಿದ್ದದ್ದನ್ನು ಮಾಧ್ಯಮ ಹಿಂಬಾಲಿಸಿತೇ? ಈ ಒಂದು ಪ್ರಶ್ನೆಯ ಮೇಲೆ ಇಡೀ ಚರ್ಚೆ ನಿಲ್ಲಬಲ್ಲದು.

ಆದರೆ ವಿದ್ಯಾರ್ಥಿ ತಂಡಕ್ಕೆ ನಾನು ಮೊದಲು ಸೂಚಿಸುವುದು ಜರ್ಮನಿಯ ಜನಾಭಿಪ್ರಾಯ ಸಂಶೋಧಕಿ ಎಲಿಜಬೆತ್ ನೋಯೆಲ್ ನ್ಯೂಮನ್ ಅವರ ಮೌನದ ಸುರುಳಿ ಸಿದ್ಧಾಂತವನ್ನು. ಇದರ ಹುಟ್ಟಿನಲ್ಲಿಯೇ ಒಂದು ಒಗಟಿದೆ. 1965ರ ಪಶ್ಚಿಮ ಜರ್ಮನಿಯ ಚುನಾವಣೆಗೆ ಮುಂಚೆ ತಿಂಗಳುಗಟ್ಟಲೆ ಎರಡು ದೊಡ್ಡ ಪಕ್ಷಗಳು ಸಮೀಕ್ಷೆಗಳಲ್ಲಿ ಸಮಬಲದಲ್ಲಿದ್ದವು. ‘ನೀವು ಯಾರಿಗೆ ಮತ ಹಾಕುತ್ತೀರಿ’ ಎಂಬ ಪ್ರಶ್ನೆಗೆ ಸಿಗುತ್ತಿದ್ದ ಉತ್ತರ ಹೆಚ್ಚೇನೂ ಬದಲಾಗಲಿಲ್ಲ. ‘ಯಾರು ಗೆಲ್ಲುತ್ತಾರೆ’ ಎಂಬ ಪ್ರಶ್ನೆಗೆ ಬರುತ್ತಿದ್ದ ಉತ್ತರ ಮಾತ್ರ ಕ್ರಿಶ್ಚಿಯನ್ ಡೆಮಾಕ್ರಟರ ಕಡೆಗೆ ವಾಲುತ್ತಾ ಹೋಯಿತು. ಕೊನೆಗೆ ಅವರ ಕೂಟ ಶೇ 47.6 ಮತ ಪಡೆದರೆ ಸೋಷಿಯಲ್ ಡೆಮಾಕ್ರಟರಿಗೆ ಸಿಕ್ಕಿದ್ದು ಶೇ 39.3. ಸಮಬಲದ ಸ್ಪರ್ಧೆ ಇಷ್ಟು ಅಂತರದಲ್ಲಿ ಮುಗಿದದ್ದು ಹೇಗೆ? ತಮ್ಮ ಅಭಿಪ್ರಾಯ ಅಲ್ಪಸಂಖ್ಯಾತವಾಗುತ್ತಿದೆ ಎನಿಸಿದವರು ಒಂಟಿಯಾಗುವ ಭಯದಿಂದ ಬಾಯಿ ಮುಚ್ಚುತ್ತಾರೆ, ಅವರ ಮೌನದಿಂದ ಎದುರು ಪಕ್ಷ ಇನ್ನೂ ದೊಡ್ಡದಾಗಿ ಕಾಣುತ್ತದೆ, ಅದರಿಂದ ಮತ್ತಷ್ಟು ಜನ ಸುಮ್ಮನಾಗುತ್ತಾರೆ ಎಂಬುದು ಆಕೆ 1974ರಲ್ಲಿ ಮುಂದಿಟ್ಟ ಉತ್ತರ.

ಈ ಪ್ಯಾನೆಲ್ ಅನ್ನು ವ್ಯಾಖ್ಯೆಯಿಂದ ಆರಂಭಿಸುವ ಅಗತ್ಯವೇ ಇಲ್ಲ. ಆಕೆಯ ಪ್ರಸಿದ್ಧ ರೈಲು ಪರೀಕ್ಷೆಯನ್ನು ಸಭೆಯ ಮುಂದಿಡಿ. ಐದು ಗಂಟೆಯ ರೈಲು ಪ್ರಯಾಣ. ನಿಮ್ಮ ಬೋಗಿಯಲ್ಲಿ ಒಬ್ಬರು ಒಂದು ವಿವಾದದ ಬಗ್ಗೆ ಖಡಾಖಂಡಿತವಾಗಿ ಮಾತನಾಡಲು ಶುರುಮಾಡುತ್ತಾರೆ. ನೀವು ಅವರೊಂದಿಗೆ ಮಾತಿಗಿಳಿಯುತ್ತೀರಾ, ಸುಮ್ಮನಿರುತ್ತೀರಾ? ಕೈ ಎತ್ತಿಸಬೇಡಿ, ಚೀಟಿಯಲ್ಲಿ ಬರೆಸಿ. ಅರ್ಧ ಜನರಿಗೆ ವಿವಾದದ ವಿಷಯದ ಪರ ಮಾತನಾಡುವ ಪ್ರಯಾಣಿಕನನ್ನು ಕೊಡಿ, ಉಳಿದರ್ಧಕ್ಕೆ ವಿರುದ್ಧ ಮಾತನಾಡುವವನನ್ನು. ಚೀಟಿ ಎಣಿಸುವಷ್ಟರಲ್ಲಿ ಸಿದ್ಧಾಂತದ ತಿರುಳು ಸಭೆಯ ಮೈಗೇ ತಟ್ಟಿರುತ್ತದೆ. ಕೈ ಏಕೆ ಎತ್ತಿಸಲಿಲ್ಲ ಎಂದು ಯಾರಾದರೂ ಕೇಳಿದರೆ ಇನ್ನೂ ಒಳ್ಳೆಯದು, ಆ ಪ್ರಶ್ನೆಯಿಂದಲೇ ಚರ್ಚೆ ಶುರುವಾಗಲಿ.

ನಂತರ ನಿಲುವುಗಳು. ಒಬ್ಬರು ಸಿದ್ಧಾಂತದ ಪರವಾಗಿ ವಾದಿಸಲಿ. ಇನ್ನೊಬ್ಬರು ಅದರ ಅಳತೆಗೋಲನ್ನೇ ಪ್ರಶ್ನಿಸಲಿ: ಕಲ್ಪಿತ ರೈಲಿನಲ್ಲಿ ಮಾತನಾಡುತ್ತೇನೆ ಎಂದವರು ನಿಜವಾದ ರೈಲಿನಲ್ಲಿಯೂ ಮಾತನಾಡುತ್ತಾರೆ ಎನ್ನಲು ಏನು ಆಧಾರ? ಗ್ಲಿನ್, ಹೇಯ್ಸ್ ಮತ್ತು ಶನಾಹನ್ 1997ರಲ್ಲಿ ಅದುವರೆಗಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ, ಬೆಂಬಲ ಇದೆಯೆಂಬ ಭಾವನೆಗೂ ಮಾತನಾಡುವ ಇಚ್ಛೆಗೂ ಸಿಕ್ಕ ಸಂಬಂಧ ಬಹಳ ದುರ್ಬಲವಾಗಿತ್ತು. ಮೂರನೆಯವರು ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ಅವರ 1950ರ ದಶಕದ ಗೆರೆಗಳ ಪ್ರಯೋಗವನ್ನು ತರಲಿ: ಗೆರೆಗಳ ಉದ್ದ ಹೋಲಿಸುವಾಗ ಗುಂಪಿನ ಉಳಿದವರೆಲ್ಲ ಬೇಕೆಂದೇ ತಪ್ಪುತ್ತರ ಹೇಳಿದರೆ, ಹಲವರು ತಮ್ಮ ಕಣ್ಣಿಗೆ ಕಂಡದ್ದನ್ನು ಬಿಟ್ಟು ಅದಕ್ಕೇ ತಲೆಯಾಡಿಸಿದರು. ನೋಯೆಲ್ ನ್ಯೂಮನ್ ಆಸರೆಯಾಗಿ ಹಿಡಿದದ್ದು ಅದನ್ನೇ. ಆದರೆ ಆಶ್ ಇನ್ನೊಂದನ್ನೂ ತೋರಿಸಿದ್ದರು: ಗುಂಪಿನಲ್ಲಿ ಸರಿಯುತ್ತರ ಹೇಳುವ ಒಬ್ಬ ಜೊತೆಗಾರನಿದ್ದರೂ ಸಾಕು, ಬಹುಮತಕ್ಕೆ ತಲೆಬಾಗುವುದು ತೀವ್ರವಾಗಿ ಇಳಿಯುತ್ತದೆ. ತಮ್ಮಂಥವರು ಒಬ್ಬಿಬ್ಬರು ಸದಾ ಸಿಗುವ ಸಾಮಾಜಿಕ ಜಾಲತಾಣಗಳಲ್ಲಿ ಆಕೆಯ ಸುರುಳಿ ಹಾಗೆಯೇ ಸುತ್ತುತ್ತದೆಯೇ? ನಾಲ್ಕನೆಯ ಪ್ರಶ್ನೆ ಕಠಿಣವಾದದ್ದು. ನಾಜಿ ಆಡಳಿತದ ಕಾಲದಲ್ಲಿ ಆಕೆ ನಾಜಿ ಪ್ರಚಾರ ಸಚಿವ ಗೊಬೆಲ್ಸ್ ಸ್ಥಾಪಿಸಿದ ‘ದಾಸ್ ರೈಶ್’ ವಾರಪತ್ರಿಕೆಗೆ ಬರೆದವರು. ಆ ಹಿನ್ನೆಲೆ ಸಿದ್ಧಾಂತದ ತೂಕವನ್ನು ಕಡಿಮೆ ಮಾಡುತ್ತದೆಯೇ ಎಂಬುದರಲ್ಲಿ ತಂಡದ ಸದಸ್ಯರೇ ಒಮ್ಮತಕ್ಕೆ ಬರಲಾರರು. ಬರಬೇಕಾಗಿಯೂ ಇಲ್ಲ.

ತಯಾರಿಯ ಸಭೆಗಳ ಬಗ್ಗೆ ಒಂದು ಮಾತು. ಅಲ್ಲಿಯೂ ಜೋರಾಗಿ ಮಾತನಾಡುವ ಒಬ್ಬರಿರುತ್ತಾರೆ, ಉಳಿದವರು ಹೂಂಗುಟ್ಟುತ್ತಾರೆ. ಭಿನ್ನಾಭಿಪ್ರಾಯವಿದ್ದವರು ಸೊಲ್ಲೆತ್ತದೆ ಎದ್ದುಹೋಗುತ್ತಾರೆ. ಮಾತು ಆರಂಭಿಸುವ ಮೊದಲು ಐದು ನಿಮಿಷ ಎಲ್ಲರೂ ತಮ್ಮ ತಮ್ಮ ಅಭಿಪ್ರಾಯವನ್ನು ಹಾಳೆಯ ಮೇಲೆ ಬರೆದು ಮೇಜಿನ ಮೇಲಿಡಿ. ಪ್ಯಾನೆಲ್‌ಗೆ ಬೇಕಾದ ಭಿನ್ನ ನಿಲುವುಗಳು ಆ ಹಾಳೆಗಳಲ್ಲಿಯೇ ಸಿಗುತ್ತವೆ. ಅತಿ ಕಡಿಮೆ ಮಾತನಾಡುವವರ ಹಾಳೆಯನ್ನು ಮೊದಲು ಓದಿ.

ಸ್ಲೈಡ್‌ಗಳು ಆದಷ್ಟು ಕಡಿಮೆ ಇರಲಿ. ತಾಲೀಮಿನಲ್ಲಿ ಮಾತುಗಳನ್ನು ಉರು ಹೊಡೆಯುವ ಬದಲು ಒಬ್ಬರು ಇನ್ನೊಬ್ಬರಿಗೆ ಅನಿರೀಕ್ಷಿತ ಪ್ರಶ್ನೆ ಹಾಕಿ ಅಭ್ಯಾಸ ಮಾಡಿ. ನಿರ್ವಾಹಕರ ಜವಾಬ್ದಾರಿಯನ್ನು ವಿಷಯವನ್ನು ಅತ್ಯಂತ ಆಳವಾಗಿ ಓದಿದವರಿಗೆ ಕೊಡಿ. ಹೆಸರು ಕರೆದು ಸಮಯ ನೋಡುವುದಷ್ಟೇ ಅವರ ಕೆಲಸವಲ್ಲ. ‘ನೀವು ಈಗ ಹೇಳಿದ್ದು ಅವರ ಮಾತಿಗೆ ವಿರುದ್ಧವಾಗಿದೆಯಲ್ಲ’ ಎಂದು ತಕ್ಷಣ ಹಿಡಿಯಬಲ್ಲವರಾಗಿರಬೇಕು. ನಲವತ್ತು ನಿಮಿಷವಿದ್ದರೆ ಇಪ್ಪತ್ತನ್ನಾದರೂ ಪರಸ್ಪರ ಮಾತಿಗೂ ಸಭೆಯ ಪ್ರಶ್ನೆಗಳಿಗೂ ಬಿಡಿ.

ಇಷ್ಟೆಲ್ಲ ಹೇಳಿದ ಮೇಲೆ ಅಧ್ಯಾಪಕರಲ್ಲಿಯೂ ಒಂದು ಕೋರಿಕೆ. ವಿದ್ಯಾರ್ಥಿಗಳು ಸಿದ್ಧಾಂತವನ್ನು ತುಂಡು ಮಾಡಿ ಹಂಚಿಕೊಳ್ಳುವುದು ಸೋಮಾರಿತನದಿಂದಲ್ಲ, ನಾವು ಅಂಕ ಕೊಡುವುದೇ ಹಾಗೆ. ‘ನಿನ್ನ ಭಾಗ ಯಾವುದು’ ಎಂದು ಕೇಳಿ, ಅದಕ್ಕೆ ಇಷ್ಟು ಅಂಕ ಎಂದು ಬರೆಯುತ್ತೇವೆ. ಅಂಕಪಟ್ಟಿಯಲ್ಲಿ ಇನ್ನೊಂದು ಅಂಕಣ ಸೇರಿಸೋಣ: ಸಹಸದಸ್ಯರ ವಾದಕ್ಕೆ ಕೊಟ್ಟ ಉತ್ತರ. ಒಟ್ಟು ಅಂಕದಲ್ಲಿ ಕಾಲುಭಾಗವಾದರೂ ಅದಕ್ಕೆ ಮೀಸಲಿರಲಿ, ಮತ್ತು ಈ ವಿಷಯವನ್ನು ತಂಡ ಮೊದಲ ಸಭೆಗೆ ಕೂರುವ ಮುಂಚೆಯೇ ಅವರಿಗೆ ತಿಳಿಸೋಣ.